ಮನೇಲಿ ಮಾಡಿದ ಸೋಪು, ಬೋರಿನ ನೀರು: ದಾವಣಗೆರೆಯಲ್ಲಿ ಸಿಗುವ ತೊಳೆಯೋ ಸಾಮಾನುಗಳಲ್ಲಿ ಯಾವುದನ್ನ ಕೊಳ್ಳಬಹುದು, ಯಾವುದನ್ನ ಬಿಡಬೇಕು

ದುಗ್ಗಮ್ಮನ ಜಾತ್ರೆ ಬರೋದು ಎರಡು ವರ್ಷಕ್ಕೊಮ್ಮೆ. ಆ ವರ್ಷ ದಾವಣಗೆರೆಯ ಮನೆಗಳಲ್ಲಿ ಅಟ್ಟದ ಮೇಲಿನ ಹಂಡೆಯಿಂದ ಹಿಡಿದು ಪೆಟ್ಟಿಗೆಯೊಳಗಿನ ಕಂಬಳಿವರೆಗೆ ಎಲ್ಲವೂ ಒಮ್ಮೆ ನೀರು ಕಾಣಲೇಬೇಕು. ಈ ತೊಳೆಯೋ ಕೆಲಸಕ್ಕೆ ಅಂಗಡಿ ಸರಕಿನ ಜೊತೆಗೆ ಮನೆಯಲ್ಲೇ ಮಾಡಿ ಮಾರುವ ಸರಕೂ ಈಗ ಧಾರಾಳ ಸಿಗುತ್ತೆ. ತೆಂಗಿನೆಣ್ಣೆ ಸೋಪು, ಅಂಟುವಾಳದ ರಸ, ಪಾತ್ರೆ ಪುಡಿ, ಪಾತ್ರೆ ಜೆಲ್, ನಿಂಬೆ ಸಿಪ್ಪೆಯ ಎನ್ಜೈಮ್, ಸೀಗೆಪುಡಿ, ಫಿನಾಯಿಲ್. ಮಹಿಳಾ ಸಂಘಗಳ ಮಳಿಗೆ, ವಾಟ್ಸಾಪ್ ಗುಂಪು, ಪಕ್ಕದ ಬೀದಿಯ ಅಕ್ಕನ ಮನೆ ಬಾಗಿಲು, ಎಲ್ಲ ಕಡೆಯೂ ಇವು ಇವೆ. ಇಲ್ಲಿ ಮಾರುವವರ ಹೆಸರು ಹೇಳೋದಿಲ್ಲ. ಒಬ್ಬರೇ ಮಾಡಿದ ಸರಕೂ ಈ ತಿಂಗಳು ಒಂದು ಥರ, ಬರುವ ತಿಂಗಳು ಇನ್ನೊಂದು ಥರ ಇರುತ್ತೆ. ಹಾಗಾಗಿ ಸರಕಿನ ಜಾತಿ ನೋಡಿ ಬೆಲೆ ಕಟ್ಟೋದೇ ಸರಿ.

ಸರಕಿಗಿಂತ ಮೊದಲು ನಿಮ್ಮ ಮನೆ ನೀರನ್ನ ನೋಡಿ. ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ಬಂದು ನಲ್ಲಿಗೆ ಬರುವ ನೀರು ಬೇರೆ, ಅದೇ ಮನೆಯ ಬೋರಿನಿಂದ ಸಿಂಟೆಕ್ಸಿಗೆ ಏರುವ ನೀರು ಬೇರೆ. ಬೋರಿನ ನೀರಲ್ಲಿ ಬೇಳೆ ಬೇಯಲ್ಲ, ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತೆ, ಗೀಸರಿನ ಕಾಯಿಲ್ ಬೇಗ ಹೋಗುತ್ತೆ. ಮನೆ-ಸೋಪು ಸೋಲೋದೂ ಇದೇ ಕಾರಣಕ್ಕೆ. ನಲ್ಲಿ ಬಂದ ದಿನ ಚೆನ್ನಾಗಿ ನೊರೆ ಕೊಟ್ಟ ಬಿಲ್ಲೆ, ಬೋರು ಹಾಕಿದ ದಿನ ಮೈಮೇಲೆ ಮೊಸರು ಒಡೆದ ಹಾಗೆ ಗಸಿ ಬಿಡುತ್ತೆ. ಜನ ಸೋಪು ಮಾಡಿದವರನ್ನ ಬೈತಾರೆ. ಚಿತ್ರದುರ್ಗ ಜಿಲ್ಲೆಯ ಬೋರು ಅಂದ ಕೂಡಲೇ ಎಲ್ಲರ ಬಾಯಲ್ಲೂ ಫ್ಲೋರೈಡ್ ಮಾತು ಬರುತ್ತೆ. ಕುಡಿಯೋದಕ್ಕೆ ಅದು ದೊಡ್ಡ ತೊಂದರೆ ನಿಜ, ಆದರೆ ಸೋಪಿಗೆ ಅದರ ಗೊಡವೆ ಇಲ್ಲ. ಸೋಪನ್ನ ತಿನ್ನೋದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ನೀರಿನ ಗಡಸುತನ ಅನ್ನೋದು ಇವೇ.

ಎಷ್ಟು ತಿನ್ನುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ. ನಡುವಿನ 400 ಅಂತ ಹಿಡಿಯಿರಿ. 15 ಲೀಟರ್ ಬಕೆಟಿನಲ್ಲಿ 6 ಗ್ರಾಂ ಗಡಸು. ಅಷ್ಟನ್ನ ಮುಗಿಸೋಕೆ ತೆಂಗಿನೆಣ್ಣೆ ಸೋಪು 30 ಗ್ರಾಂ ಹತ್ತಿರ ಬೇಕು. ಅಂದರೆ 100 ಗ್ರಾಂ ಬಿಲ್ಲೆಯ ಕಾಲು ಭಾಗಕ್ಕೂ ಜಾಸ್ತಿ, ಒಂದು ಗುಳ್ಳೆ ನೊರೆ ಏಳೋದಕ್ಕೆ ಮೊದಲೇ ಗಸಿಯಾಗಿ ಹೋಗುತ್ತೆ. ಶೇಂಗಾ ಎಣ್ಣೆ ಸೋಪಾದರೆ ಇನ್ನೂ ಹೆಚ್ಚು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಖಾಲಿ ಬಾಟಲಿ ತಗೊಳ್ಳಿ. ಒಂದಕ್ಕೆ ಕಾಲು ಲೀಟರ್ ಬೋರಿನ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದಿಂದ ತಂದ ನೀರು ಅಷ್ಟೇ ಹಾಕಿ. ಎರಡಕ್ಕೂ ಸೋಪನ್ನ ಚಾಕುವಿನಿಂದ ಕೆರೆದು ಉಗುರಿನಷ್ಟು ಚೂರು ಹಾಕಿ ಹತ್ತು ಸಲ ಕುಲುಕಿ. ಬೋರಿನ ಬಾಟಲಿ ನೊರೆ ಬಿಡದೆ ಹಾಲಿನ ಹಾಗೆ ಕದಡಿದರೆ ನಿಮಗೆ ಮನೆ-ಸೋಪು ಹಾಗೇ ಒಗ್ಗಲ್ಲ. ಡಿಟರ್ಜೆಂಟ್ ಪುಡಿ ಹಾಕಿ ಈ ಪರೀಕ್ಷೆ ಮಾಡಬೇಡಿ, ಅದು ಎಂಥ ನೀರಲ್ಲೂ ನೊರೆ ಬಿಡುತ್ತೆ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಳೆಯೋದು) ತೋರಿಸೋ ಅಂಕಿಯೂ ಗಡಸುತನದ ಅಂಕಿ ಅಲ್ಲ. ಅಡುಗೆ ಉಪ್ಪು ಕರಗಿದ್ದರೂ ಅದು ಏರುತ್ತೆ.

ಇನ್ನು ಸೋಪು. ಮಾರುವವರು ಮೊದಲು ಹೇಳೋದು ಎಣ್ಣೆಯ ಮಾತು.

"ಅಕ್ಕಾ, ಇದ್ರಾಗೆ ತೆಂಗಿನೆಣ್ಣೆ ಎಷ್ಟೈತೆ?"

"ಪೂರ್ತಿ ಅದೇ ಐತೆ ತಗಳಮ್ಮ, ಬೇರೆ ಏನೂ ಬೆರೆಸಿಲ್ಲ."

ಈ ಉತ್ತರ ಕೇಳಿ ಖುಷಿಪಡಬೇಡಿ. ಪೂರ್ತಿ ತೆಂಗಿನೆಣ್ಣೆ ಸೋಪು ಗಡಸು ನೀರಲ್ಲಿ ಉಳಿದವಕ್ಕಿಂತ ಚೆನ್ನಾಗಿ ನೊರೆ ಬಿಡುತ್ತೆ ನಿಜ, ಉಪ್ಪು ನೀರಲ್ಲೂ ಬಿಡುತ್ತೆ. ಆದರೆ ಚರ್ಮದ ಜಿಡ್ಡನ್ನೆಲ್ಲ ಎಳೆದು ಹಾಕುತ್ತೆ. ಡಿಸೆಂಬರ್-ಜನವರಿಯ ಒಣ ಚಳಿಯಲ್ಲಿ ಮೊಣಕಾಲು ಬೂದಿ ಬಳಿದ ಹಾಗೆ ಬಿಳಚುತ್ತೆ. ಪೂರ್ತಿ ತೆಂಗಿನೆಣ್ಣೆಯ ಮೈ ಸೋಪಾದರೆ ಎಣ್ಣೆಯಲ್ಲಿ ನೂರಕ್ಕೆ 20 ಪಾಲು ಸೋಪಾಗದೆ ಉಳಿಯುವಂತೆ ಕಾಸ್ಟಿಕ್ (ಎಣ್ಣೆಯನ್ನ ಸೋಪು ಮಾಡುವ ಕ್ಷಾರ) ಕಡಿಮೆ ಹಾಕಿರಬೇಕು. ಒಂದು ಕೆಜಿ ತೆಂಗಿನೆಣ್ಣೆ ಪೂರ್ತಿ ಸೋಪಾಗೋಕೆ 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಮೈಗಾದರೆ 146 ಗ್ರಾಂಗೆ ನಿಲ್ಲಿಸಬೇಕು. ಆದ್ದರಿಂದ "ಎಣ್ಣೆ ಎಷ್ಟು" ಅಂತ ಮಾತ್ರ ಕೇಳದೆ "ಕೆಜಿ ಎಣ್ಣೆಗೆ ಕಾಸ್ಟಿಕ್ ಎಷ್ಟು ಗ್ರಾಂ" ಅಂತಲೂ ಕೇಳಿ. ತಟ್ಟನೆ ಅಂಕಿ ಹೇಳಿದರೆ ಧೈರ್ಯವಾಗಿ ಕೊಳ್ಳಿ. "ಒಂದು ಲೋಟ ಹಾಕ್ತೀವಿ" ಅಂದರೆ ಅಲ್ಲೇ ಇಟ್ಟು ಬನ್ನಿ. ಕಾಸ್ಟಿಕ್ ಪದರ ಪದರವಾಗಿ ಇರುತ್ತೆ, ಲೋಟದಲ್ಲಿ ಒತ್ತಿ ತುಂಬಿದರೆ ಒಂದು ತೂಕ, ಸಡಿಲ ತುಂಬಿದರೆ ಇನ್ನೊಂದು. ಡಬ್ಬಿ ಬಾಯಿ ತೆರೆದಿಟ್ಟರೆ ಗಾಳಿಯ ತೇವ ಕುಡಿದು ಬಲ ಕಳಕೊಳ್ಳುತ್ತೆ. ಮಳೆಗಾಲದಲ್ಲಿ ಮಾಡಿದ ಸೋಪು ಎಣ್ಣೆ ಎಣ್ಣೆಯಾಗಿ ಕೈಗೆ ಅಂಟೋದಕ್ಕೆ ಅನೇಕ ಸಲ ಇದೇ ಕಾರಣ.

ನಮ್ಮ ಕಡೆ ನೀರಿಗೆ ಹೊಂದುವ ಹದ ಇದು: ತೆಂಗಿನೆಣ್ಣೆ 700 ಗ್ರಾಂ, ಶೇಂಗಾ ಎಣ್ಣೆ 200, ಹರಳೆಣ್ಣೆ 100, ಕಾಸ್ಟಿಕ್ 160, ನೀರು 320. ಇದರಲ್ಲಿ ನೂರಕ್ಕೆ 5 ಪಾಲು ಎಣ್ಣೆ ಸೋಪಾಗದೆ ಉಳಿಯುತ್ತೆ. ಹರಳೆಣ್ಣೆ ನೊರೆಯನ್ನ ಹಿಡಿದಿಡುತ್ತೆ. ಶೇಂಗಾ ಎಣ್ಣೆಗೆ ಚಳ್ಳಕೆರೆ ಪಕ್ಕದಲ್ಲೇ ಇದೆ, ಗಾಣದ ಎಣ್ಣೆಗೆ ಕೊರತೆ ಇಲ್ಲ. ಆದರೆ 200 ಗ್ರಾಂ ದಾಟಿದರೆ ನೊರೆ ಬೀಳುತ್ತೆ, ಬಿಲ್ಲೆ ಮೆತ್ತಗಾಗುತ್ತೆ, ನಾಲ್ಕೈದು ತಿಂಗಳಲ್ಲಿ ಮೇಲೆ ಕಿತ್ತಳೆ ಚುಕ್ಕೆ ಬಂದು ಕಮಟು ವಾಸನೆ ಹೊಡೆಯುತ್ತೆ. ನಿಜವಾಗಿ ತಿಳಿದವರು ಮಾಡುವ ಇನ್ನೊಂದು ಕೆಲಸ ಅಂದರೆ ಸಿಟ್ರಿಕ್ ಆಸಿಡ್ 20 ಗ್ರಾಂ ಸೇರಿಸೋದು. ಅದು ಕಾಸ್ಟಿಕ್ ಜೊತೆ ಸೇರಿ ಸಿಟ್ರೇಟ್ ಆಗಿ, ನೀರಿನ ಕ್ಯಾಲ್ಸಿಯಂ ಸೋಪನ್ನ ಮುಟ್ಟೋ ಮೊದಲೇ ಸ್ವಲ್ಪವನ್ನ ಕಟ್ಟಿಹಾಕುತ್ತೆ. ಅಷ್ಟಕ್ಕೆ ಕಾಸ್ಟಿಕ್ ಇನ್ನೂ ಹನ್ನೆರಡೂವರೆ ಗ್ರಾಂ ಜಾಸ್ತಿ ಹಾಕಲೇಬೇಕು, ಇಲ್ಲದಿದ್ದರೆ ಆಸಿಡ್ಡೇ ಕಾಸ್ಟಿಕ್ ತಿಂದು ಎಣ್ಣೆ ಹಸಿಯಾಗಿ ಉಳಿಯುತ್ತೆ. ಈ ಸಿಟ್ರಿಕ್ ಹಾಕಿದ ಬಿಲ್ಲೆ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಕೊಳ್ಳಿ. ಬಚ್ಚಲ ಕಲ್ಲಿನ ಮೇಲೆ ಗಸಿ ಕಟ್ಟೋದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತೆ.

ಮನೆಯಲ್ಲೇ ಮಾಡಿ ನೋಡುವವರಿಗೆ: ಕಾಸ್ಟಿಕ್ಕನ್ನ ನೀರಿಗೆ ಹಾಕಬೇಕು, ನೀರನ್ನ ಕಾಸ್ಟಿಕ್ಕಿಗೆ ಸುರಿಯಬಾರದು. ಸುರಿದರೆ ಕುದ್ದು ಮುಖಕ್ಕೆ ಸಿಡಿಯುತ್ತೆ. ಪಾತ್ರೆ ಸ್ಟೀಲಿನದ್ದಾಗಿರಲಿ. ಅಲ್ಯೂಮಿನಿಯಂ, ಹಿಂಡಾಲಿಯಂ ಬೋಗಣಿಯಲ್ಲಿ ಹಾಕಿದರೆ ಬುರುಬುರು ಅಂತ ಹೈಡ್ರೋಜನ್ ಎದ್ದು ಬೋಗಣಿಯೇ ತೂತಾಗುತ್ತೆ. ಕಾಸ್ಟಿಕ್ ಕರಗಿಸೋಕೆ ಬೋರಿನ ನೀರು ಬೇಡ, ಆಗಲೇ ಬಿಳಿ ಗಷ್ಟು ಇಳಿಯುತ್ತೆ. ಘಟಕದ ನೀರು ಸಾಕು. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ತಾನೇ ಹೆಪ್ಪುಗಟ್ಟುತ್ತೆ. ಸೋಪು ಗಟ್ಟಿಯಾಯಿತು ಅಂದುಕೊಂಡು ಅಚ್ಚಿಗೆ ಸುರಿದರೆ ಮರುದಿನ ಮೇಲೆ ಎಣ್ಣೆ, ಕೆಳಗೆ ಕಾಸ್ಟಿಕ್ ನೀರು. ಅದು ಕೈ ಸುಡುತ್ತೆ. ಎಣ್ಣೆಯನ್ನ ಉಗುರುಬೆಚ್ಚಗೆ ಮಾಡಿಕೊಂಡೇ ಶುರು ಮಾಡಿ.

ಕೊಳ್ಳುವಾಗ ಬಿಲ್ಲೆ ಎಷ್ಟು ದಿನದ್ದು ಅಂತ ಕೇಳಿ. ನಾಲ್ಕರಿಂದ ಆರು ವಾರ ಗಾಳಿಯಾಡೋ ಕಡೆ ಒಣಗಿರಬೇಕು. ಅನುಮಾನ ಇದ್ದರೆ ತಂದ ದಿನ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ವಾರದ ಮೇಲೆ ಮತ್ತೆ ತೂಗಿ. 100 ಗ್ರಾಂ ಬಿಲ್ಲೆ ಒಂದು ವಾರದಲ್ಲಿ 3-4 ಗ್ರಾಂ ಇಳಿದರೆ ಅದಿನ್ನೂ ಹಸಿ. ನೀವು ನೀರಿಗೂ ಸೋಪಿನ ದುಡ್ಡು ಕೊಟ್ಟಿದ್ದೀರಿ, ಮೇಲಾಗಿ ಅದು ಬಚ್ಚಲಲ್ಲಿ ಎರಡೇ ವಾರಕ್ಕೆ ಕರಗುತ್ತೆ.

ಇಲ್ಲೊಂದು ತಪ್ಪು ನಂಬಿಕೆ ಓಡಾಡ್ತಿದೆ. ಸೋಪಿಗೆ ಅರಿಶಿನ ಹಚ್ಚಿ ನೋಡು, ಕೆಂಪಾದರೆ ಕಾಸ್ಟಿಕ್ ಉಳಿದಿದೆ ಅಂತ. ಅರಿಶಿನ ಯಾವ ಕ್ಷಾರ ತಾಗಿದರೂ ಕೆಂಪಾಗುತ್ತೆ, ಸುಣ್ಣ ಬೆರೆತರೆ ಕುಂಕುಮ ಆಗೋದು ಹಾಗೇ ತಾನೆ. ಸೋಪು ಹುಟ್ಟಿನಿಂದಲೇ ಕ್ಷಾರ. ಎಷ್ಟೇ ಚೆನ್ನಾಗಿ ಮಾಡಿದ, ವರ್ಷ ಹಳತಾದ ಸೋಪೂ ಅರಿಶಿನವನ್ನ ಕೆಂಪು ಮಾಡುತ್ತೆ. ಈ ಪರೀಕ್ಷೆಯಿಂದ ಏನೂ ತಿಳಿಯಲ್ಲ. "ಅರಿಶಿನ ಸೋಪು" ಅಂತ ಹಳದಿ ಬದಲು ಇಟ್ಟಿಗೆ ಬಣ್ಣದ ಬಿಲ್ಲೆ ಕೊಟ್ಟರೂ ಮೋಸ ಅಂದುಕೊಳ್ಳಬೇಡಿ, ಅದು ನಿಜವಾದ ಅರಿಶಿನ. ತಿಂಗಳುಗಟ್ಟಲೆ ನಿಂಬೆಹಣ್ಣಿನ ಹಳದಿಯಾಗೇ ಉಳಿದರೆ ಬಣ್ಣ ಹಾಕಿದ್ದಾರೆ ಅಂತ ಅರ್ಥ. ಕಾಸ್ಟಿಕ್ ಉಳಿದಿದೆಯಾ ನೋಡೋಕೆ ಒದ್ದೆ ಬೆರಳಲ್ಲಿ ಬಿಲ್ಲೆ ಉಜ್ಜಿ ಮೊಣಕೈ ಒಳಮಗ್ಗುಲಿಗೆ ಸವರಿ. ಚುರುಗುಟ್ಟಿದರೆ, ಅಥವಾ ಬಿಲ್ಲೆಯ ಮೈಯಲ್ಲಿ ಹೊಳೆಯುವ ಬಿಳಿ ಗುಂಡಿಗಳು ಕಂಡರೆ, ಮೈಗೆ ಬೇಡ. ಅಂದಹಾಗೆ, ಮೈ ಸೋಪು ಮಾಡಿ ಮಾರೋದಕ್ಕೆ ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ಪರವಾನಗಿ ಬೇಕು. ಮನೆಯಲ್ಲಿ ಮಾಡಿ ಮಾರುವವರಲ್ಲಿ ಇದನ್ನ ತಗೊಂಡವರು ಯಾರು ಅಂತ ಲೇಬಲ್ ಮೇಲಿನ ನಂಬರ್ ನೋಡಿದರೆ ಗೊತ್ತಾಗುತ್ತೆ.

ಬಟ್ಟೆ ಸೋಪಿನ ಕಥೆ ಬೇರೆ. ಮಿರ್ಚಿ-ಮಂಡಕ್ಕಿಯ ಊರಲ್ಲಿ ಕರಿದ ಎಣ್ಣೆಗೆ ಬರವೇ? ಆ ಎಣ್ಣೆಯಿಂದ ಮಾಡಿದ ಬಟ್ಟೆ ಸೋಪು ಅಗ್ಗ, ಮತ್ತೆ ಬಾಣಲೆಗೆ ಹೋಗಿ ಹೊಟ್ಟೆ ಸೇರೋದಕ್ಕಿಂತ ಬಟ್ಟೆಗೆ ಹೋಗೋದು ಒಳ್ಳೆಯದು. ಒಳ್ಳೇ ಬಿಲ್ಲೆಗೂ ಕೆಟ್ಟದ್ದಕ್ಕೂ ವ್ಯತ್ಯಾಸ ಎಣ್ಣೆ ತೊಳೆದಿದ್ದಾರಾ ಇಲ್ಲವಾ ಅನ್ನೋದರಲ್ಲಿದೆ. ತಣ್ಣಗಿನ ಎಣ್ಣೆಗೆ ಅಷ್ಟೇ ನೀರು, ಒಂದು ಚಮಚ ಉಪ್ಪು ಹಾಕಿ, ಆಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ರಾತ್ರಿಯಿಡೀ ಬಿಟ್ಟರೆ ಕಡಲೆಹಿಟ್ಟಿನ ಕರಿ, ಮೆಣಸಿನಕಾಯಿ ಘಾಟು ಎಲ್ಲ ಕೆಳಗಿನ ನೀರಿಗಿಳಿಯುತ್ತೆ. ಮೇಲಿನ ಎಣ್ಣೆಯನ್ನಷ್ಟೇ ಬಸಿದು ಬಟ್ಟೆಯಲ್ಲಿ ಸೋಸಬೇಕು. ಅಂಗಡಿಯಿಂದ ಬಂದ ಎಣ್ಣೆ ಪಾಮೋ ಶೇಂಗಾನೋ ಗೊತ್ತಿರಲ್ಲ, ಹಾಗಾಗಿ ಕೆಜಿಗೆ 130 ಗ್ರಾಂ ಕಾಸ್ಟಿಕ್ ದಾಟಬಾರದು. ಈ ಎಣ್ಣೆ 700 ಗ್ರಾಂ, ತೆಂಗಿನೆಣ್ಣೆ 300 ಗ್ರಾಂ, ಕಾಸ್ಟಿಕ್ 145 ಗ್ರಾಂ ಇಟ್ಟರೆ ಬೋರಿನ ನೀರಿಗೂ ಒಂದಿಷ್ಟು ನೊರೆ ಬರುತ್ತೆ. ತೆಂಗಿನೆಣ್ಣೆ ಇಲ್ಲದೆ ಬರೀ ಕರಿದ ಎಣ್ಣೆಯ ಬಿಲ್ಲೆ ನಲ್ಲಿ ನೀರಿಗೆ ಮಾತ್ರ ಲಾಯಕ್ಕು. ಬಿಳಿ ಪಂಚೆ, ಬನಿಯನ್‌ಗೆ ಬೇಡ, ಹಳದಿ ಛಾಯೆ ಹಿಡಿಯುತ್ತೆ. ಒರೆಸೋ ಬಟ್ಟೆ, ಗೋಣಿ ತಾಟು, ಗ್ಯಾರೇಜಿನ ಅಂಗಿಗೆ ಇದಕ್ಕಿಂತ ಅಗ್ಗದ್ದು ಇಲ್ಲ.

ಗಡಸು ನೀರಲ್ಲಿ ಈ ಸೋಪು ಉಜ್ಜುವ ಮುಂಚೆ ಬಕೆಟಿಗೆ ಬಟ್ಟೆ ಸೋಡಾ (ವಾಷಿಂಗ್ ಸೋಡಾ) ಹಾಕಿ. ಮೇಲಿನ ಲೆಕ್ಕದ 15 ಲೀಟರ್ ನೀರಿಗೆ ಪುಡಿ ಸೋಡಾ 7 ಗ್ರಾಂ, ಹರಳು ಸೋಡಾ ಆದರೆ 17-18 ಗ್ರಾಂ. ಹರಳಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಬರೀ ನೀರೇ, ಅದಕ್ಕೇ ಈ ವ್ಯತ್ಯಾಸ. ಕಲಕಿ ಹತ್ತು ನಿಮಿಷ ಬಿಟ್ಟರೆ ನೀರು ತುಸು ಕದಡುತ್ತೆ. ಗಡಸು ಅಲ್ಲೇ ಸುಣ್ಣವಾಗಿ ಇಳಿದಿದೆ, ಸೋಪು ಉಳೀತು. ಮೆಗ್ನೀಸಿಯಂ ಇದಕ್ಕೆ ಪೂರ್ತಿ ಬಗ್ಗಲ್ಲ. ಸೋಡಾ ಮತ್ತು ಸೋಪನ್ನ ಒಟ್ಟಿಗೆ ಹಾಕಿದರೆ ಮಾತ್ರ ಪ್ರಯೋಜನ ಇಲ್ಲ, ಗಡಸು ಮೊದಲು ಸೋಪಿಗೇ ಹತ್ತುತ್ತೆ.

ರೇಷ್ಮೆಗೆ, ಉಣ್ಣೆಗೆ ಈ ಸೋಡಾನೂ ಬೇಡ, ಈ ಸೋಪೂ ಬೇಡ. ಮೊಳಕಾಲ್ಮೂರು ಸೀರೆ, ಚಳ್ಳಕೆರೆ ಕಂಬಳಿ ಎರಡಕ್ಕೂ ಕ್ಷಾರ ಅಂದರೆ ವಿಷ. ರೇಷ್ಮೆ ಹೊಳಪು ಕಳಕೊಳ್ಳುತ್ತೆ, ಕಂಬಳಿ ಕುಗ್ಗಿ ರಟ್ಟಾಗುತ್ತೆ. ಇಲ್ಲೇ ಅಂಟುವಾಳ ಬೆಲೆ ಬಾಳೋದು, ಮತ್ತು ಇಡೀ ಪಟ್ಟಿಯಲ್ಲಿ ಕಣ್ಣುಮುಚ್ಚಿ ಶಿಫಾರಸು ಮಾಡಬಹುದಾದ ಸರಕು ಇದೊಂದೇ. ಅಂಟುವಾಳದ ನೊರೆ ಸೋಪಿನ ನೊರೆ ಅಲ್ಲ, ಸಪೋನಿನ್ ಅನ್ನೋ ಬೇರೆ ಪದಾರ್ಥ. ಕ್ಯಾಲ್ಸಿಯಂ ಜೊತೆ ಅದು ಗಸಿ ಕಟ್ಟಲ್ಲ. ಬೋರಿನ ನೀರಲ್ಲೂ, ನಲ್ಲಿ ನೀರಲ್ಲೂ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತೆ. ಬಲ ಮಾತ್ರ ಕಡಿಮೆ. ಕಾಲರಿನ ಕೊಳೆ, ಅರಿಶಿನದ ಕಲೆ, ಎಣ್ಣೆ ಜಿಡ್ಡು ಅದಕ್ಕೆ ಆಗಲ್ಲ. ಒಮ್ಮೆ ಉಟ್ಟು ಮಡಿಚಿಡೋ ಸೀರೆಗೆ, ಒಡವೆಗೆ, ಕಂಬಳಿಗೆ ಸರಿ.

ಬಾಟಲಿಯಲ್ಲಿ ಮಾರುವ ರಸಕ್ಕಿಂತ ಕಾಯಿ ತಂದು ಮಾಡಿಕೊಳ್ಳೋದೇ ಮೇಲು. ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವಾಗ ಬೀಜ ತೆಗೆದದ್ದೇ ಕೇಳಿ. ಬೀಜದ್ದೇ ಹತ್ತಿರ ಹತ್ತಿರ ಅರ್ಧ ತೂಕ, ಅದರಲ್ಲಿ ನೊರೆ ಇಲ್ಲ. ಸಿಪ್ಪೆ ಬೆರಳಿಗೆ ಅಂಟುವಂತೆ ಮೆತ್ತಗಿದ್ದರೆ ಒಳ್ಳೆಯದು, ಪುಡಿಪುಡಿಯಾಗಿ ಒಡೆದರೆ ಹಳತು. 100 ಗ್ರಾಂ ಸಿಪ್ಪೆಯನ್ನ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಹಾಲಿಗಿಂತ ಬೇಗ ಉಕ್ಕುತ್ತೆ. ಆರಿದ ಮೇಲೆ ಕಿವುಚಿ ಸೋಸಿದರೆ ಮುಕ್ಕಾಲು ಲೀಟರ್ ಕಂದು ರಸ. ಅರ್ಧ ಬಕೆಟ್ ನೀರಿಗೆ ಒಂದು ಲೋಟ ಸಾಕು. ಬೇಸಿಗೆಯಲ್ಲಿ ಹೊರಗಿಟ್ಟರೆ ಎರಡೇ ದಿನಕ್ಕೆ ಹುಳಿ ವಾಸನೆ. ಫ್ರಿಜ್ಜಿನಲ್ಲಿ ವಾರ ಬರುತ್ತೆ. ಮಾರೋ ಬಾಟಲಿ ತಿಂಗಳುಗಟ್ಟಲೆ ಕೆಡದೆ ನಿಂತಿದೆ ಅಂದರೆ ಏನಾದರೂ ಹಾಕಿರಲೇಬೇಕು. ಲೀಟರಿಗೆ 5 ಗ್ರಾಂ ಸಿಟ್ರಿಕ್ ಆಸಿಡ್, 1 ಗ್ರಾಂ ಸೋಡಿಯಂ ಬೆಂಜೊಯೇಟ್ ಹಾಕೋದು ತಪ್ಪೇನಲ್ಲ, "ಏನೂ ಹಾಕಿಲ್ಲ" ಅನ್ನೋದು ತಪ್ಪು. ಬಾಟಲಿ ಉಬ್ಬಿದ್ದರೆ ಮುಟ್ಟಬೇಡಿ. ಕಣ್ಣಿಗೆ ಬಿದ್ದರೆ ಬಹಳ ಉರಿ. ತೊಳೆದ ನೀರನ್ನ ಮೀನಿನ ತೊಟ್ಟಿಗೋ ಕೆರೆಗೋ ಬಿಡಬೇಡಿ, ಸಪೋನಿನ್ ಮೀನಿಗೆ ವಿಷ.

ಪಾತ್ರೆ ಜೆಲ್ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. "ಹೋಮ್‌ಮೇಡ್" ಅಂತ ಮಾರುವ ಹಸಿರು, ಹಳದಿ ಜೆಲ್ಲುಗಳಲ್ಲಿ ಬಹುಪಾಲು ಆಸಿಡ್ ಸ್ಲರಿ (ಡಿಟರ್ಜೆಂಟಿನ ಮೂಲ ಆಸಿಡ್), ಕಾಸ್ಟಿಕ್, ಎಸ್‌ಎಲ್‌ಇಎಸ್ (ನೊರೆ ಕೊಡುವ ರಾಸಾಯನಿಕ), ಉಪ್ಪು, ಬಣ್ಣ, ಸೆಂಟು ಕಲಸಿದ ಮಿಶ್ರಣ. ಮನೆಯಲ್ಲಿ ಕಲಸಿದ್ದು ನಿಜ, ಕಾರ್ಖಾನೆ ಸರಕಿಗಿಂತ ಬೇರೆ ಏನಲ್ಲ. ಹಾಗಂತ ಕೆಟ್ಟದ್ದಲ್ಲ. ಗಡಸು ನೀರಲ್ಲಿ ಸೋಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ನೋಡಬೇಕಾದ್ದು ಎರಡು. ಒಂದು, ಆಸಿಡ್ ಸ್ಲರಿ 100 ಗ್ರಾಂಗೆ ಕಾಸ್ಟಿಕ್ 12-13 ಗ್ರಾಂ ಬಿದ್ದಿರಬೇಕು. ಕಡಿಮೆ ಬಿದ್ದರೆ ಹುಳಿ ಉಳಿದು ಬೆರಳ ಸಂದು ಬಿರಿಯುತ್ತೆ, ಜಾಸ್ತಿ ಆದರೆ ಕೈ ಜಾರುಜಾರಾಗಿ ಒರಟಾಗುತ್ತೆ, ಹಿಂಡಾಲಿಯಂ ಕಪ್ಪಾಗುತ್ತೆ. ಲ್ಯಾಬ್ ಸಾಮಾನಿನ ಅಂಗಡಿಯ ಪಿಎಚ್ ಪಟ್ಟಿ (ಹುಳಿಯೋ ಕ್ಷಾರವೋ ತೋರಿಸೋ ಕಾಗದ) ಅದ್ದಿದರೆ 7-8 ತೋರಿಸಬೇಕು. ಎರಡನೆಯದು, ಗಟ್ಟಿ ಇದ್ದರೆ ಬಲ ಜಾಸ್ತಿ ಅನ್ನೋ ಭ್ರಮೆ. ಗಟ್ಟಿ ಮಾಡೋದು ಉಪ್ಪು. ಸ್ವಲ್ಪ ಸ್ವಲ್ಪ ಹಾಕುತ್ತ ಹೋದರೆ ಜೇನಿನಂತೆ ಮಂದವಾಗುತ್ತೆ, ಒಂದು ಹದ ದಾಟಿ ಇನ್ನೊಂದು ಚಮಚ ಬಿದ್ದರೆ ಥಟ್ಟನೆ ನೀರಾಗಿ ಹೋಗುತ್ತೆ. ನೀರಾದ ಜೆಲ್ ಅಗ್ಗಕ್ಕೆ ಕೊಟ್ಟರೆ ಕೊಳ್ಳಬಹುದು, ತೊಳೆಯೋ ಶಕ್ತಿ ಅಷ್ಟೇ ಇರುತ್ತೆ.

ಪಾತ್ರೆ ಪುಡಿಗೆ ಬಂದರೆ ಇದು ನಿಜಕ್ಕೂ ದಾವಣಗೆರೆಯದ್ದೇ ಸರಕು. ಮಂಡಕ್ಕಿ ಭಟ್ಟಿಗಳಲ್ಲಿ ಭತ್ತದ ಹೊಟ್ಟು ಉರಿದು ಬೀಳುವ ಬೂದಿ ರಾಶಿ ರಾಶಿ ಸಿಗುತ್ತೆ, ಅದಕ್ಕೆ ಸೀಗೆ, ಅಂಟುವಾಳ, ಸೋಡಾ ಬೆರೆಸಿ ಪೊಟ್ಟಣ ಕಟ್ಟುತ್ತಾರೆ. ಹಳಬರು ತಿಕ್ಕುತ್ತಿದ್ದ ಒಲೆ ಬೂದಿ ಇದಲ್ಲ. ಸೌದೆ ಬೂದಿಯಲ್ಲಿ ಪೊಟ್ಯಾಶಿಯಂ ಕಾರ್ಬೊನೇಟ್ ಇರುತ್ತೆ, ಒದ್ದೆ ಮಾಡಿದರೆ ಜಾರುತ್ತೆ, ಜಿಡ್ಡನ್ನ ಕರಗಿಸುತ್ತೆ. ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಸಿಲಿಕಾ, ಅಂದರೆ ಮರಳಿನ ವಂಶ. ಅದು ಕರಗಿಸಲ್ಲ, ಕೆರೆಯುತ್ತೆ. ತಳ ಹಿಡಿದ ಕುಕ್ಕರ್, ಕಬ್ಬಿಣದ ಹಂಚು, ಹೊರಗಿನ ಒಲೆಯ ಮಸಿ ಹಿಡಿದ ತಪ್ಪಲೆಗೆ ಇದರಷ್ಟು ಚುರುಕು ಇನ್ನೊಂದಿಲ್ಲ. ಹೊಸ ಸ್ಟೀಲಿಗೆ, ಗಾಜಿಗೆ, ನಾನ್‌ಸ್ಟಿಕ್ಕಿಗೆ ಮುಟ್ಟಿಸಿದರೆ ಮುಗೀತು.

ಪುಡಿಯನ್ನ ಅಂಗೈ ಮೇಲೆ ಹಾಕಿಕೊಂಡು ಬಿಸಿಲಲ್ಲಿ ನೋಡಿ. ಬೂದುಬಿಳಿ ಬಣ್ಣ, ನುಣ್ಣಗೆ, ನಡುವೆ ಕಪ್ಪು ಚುಕ್ಕೆ ಕಡಿಮೆ ಇದ್ದರೆ ಹೊಟ್ಟು ಪೂರ್ತಿ ಉರಿದಿದೆ, ಚೆನ್ನಾಗಿ ಜರಡಿ ಹಿಡಿದಿದ್ದಾರೆ. ಕಡುಕಪ್ಪಾಗಿದ್ದು ಹೊಟ್ಟಿನ ದೋಣಿಯಂಥ ಆಕಾರ ಇನ್ನೂ ಕಾಣುತ್ತಿದ್ದರೆ ಅರ್ಧ ಉರಿದ ಇದ್ದಿಲು. ಅದು ಸಿಂಕಿನ ಪೈಪಿನಲ್ಲಿ ಕೂರುತ್ತೆ, ಉಗುರ ಸಂದಿಗೆ ಇಳಿಯುತ್ತೆ. ಹಳೆ ಸ್ಟೀಲ್ ತಟ್ಟೆಯ ಹಿಂಬದಿಗೆ ಒದ್ದೆ ಪುಡಿ ಹಾಕಿ ಬೆರಳಿನಿಂದ ಹತ್ತು ಸುತ್ತು ಉಜ್ಜಿ, ತೊಳೆದು, ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಗೆರೆ ಎದ್ದರೆ ಈ ಪುಡಿ ಹಂಚಿಗೆ ಮಾತ್ರ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಹತ್ತಿದರೆ ಮನೆಗೇ ತರಬೇಡಿ. ಡಬ್ಬಿಗೆ ಸುರಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸಿಲಿಕಾ ಧೂಳು ಎದೆಗೆ ಒಳ್ಳೆಯದಲ್ಲ. ಹಿತ್ತಾಳೆ, ತಾಮ್ರಕ್ಕೆ ಯಾವ ಪುಡಿಯೂ ಬೇಕಿಲ್ಲ. ಹುಣಸೆಹಣ್ಣು, ಉಪ್ಪು, ಬೇಕಾದರೆ ಕೊನೆಗೆ ಚೂರು ಸೌದೆ ಬೂದಿ.

ನಿಂಬೆ, ಮೂಸಂಬಿ ಸಿಪ್ಪೆಯ ಎನ್ಜೈಮ್ ಈಗಿನ ಫ್ಯಾಷನ್ನು. ಬೆಲ್ಲ 100 ಗ್ರಾಂ, ಸಿಪ್ಪೆ 300, ನೀರು ಒಂದು ಲೀಟರ್, ಮೂರು ತಿಂಗಳು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆ ಮೂರನೇ ಒಂದು ಭಾಗ ಖಾಲಿ ಬಿಟ್ಟು, ಮೊದಲ ತಿಂಗಳು ದಿನಾ ಒಮ್ಮೆ ಮುಚ್ಚಳ ಸಡಿಲಿಸಬೇಕು. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಏಪ್ರಿಲ್ ಸೆಕೆಯಲ್ಲಿ ಸಿಡಿಯುತ್ತೆ. ಹೆಸರು ದೊಡ್ಡದು, ಕೊನೆಗೆ ಸಿಗೋದು ಸಿಪ್ಪೆಯ ಘಮ ಇರುವ ತೆಳು ವಿನೆಗರ್. ಬೋರಿನ ನೀರಿನ ಬಿಳಿ ಕರೆ ಹಿಡಿದ ನಲ್ಲಿ, ಶವರ್, ಟೈಲ್ಸಿಗೆ ಇದು ಚೆನ್ನ. ಹುಳಿ ಸುಣ್ಣವನ್ನ ಕರಗಿಸುತ್ತೆ, ಅಷ್ಟೇ ಗುಟ್ಟು. ಅದೇ ಕಾರಣಕ್ಕೆ ಕಡಪ ಕಲ್ಲಿನ ಕಟ್ಟೆ, ಶಹಾಬಾದ್ ನೆಲ, ಮಾರ್ಬಲ್ ದೇವರ ಮನೆಗೆ ಇದನ್ನ ಸುರಿಯಲೇಬಾರದು. ಅವೆಲ್ಲ ಸುಣ್ಣದ ಜಾತಿಯ ಕಲ್ಲು. ಕರಿ ಕಡಪ ಒಂದೇ ರಾತ್ರಿಯಲ್ಲಿ ಮಾಸಲು ಬಿಳಿ ಮಚ್ಚೆ ಹಿಡಿಯುತ್ತೆ, ಎಣ್ಣೆ ಹಚ್ಚಿ ಮುಚ್ಚಬಹುದು, ವಾಪಸ್ ಬರಲ್ಲ. ನಿಮ್ಮ ಕಟ್ಟೆ ಗ್ರಾನೈಟೋ ಕಡಪವೋ ಅನುಮಾನ ಇದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆ ರಸ ಬಿಟ್ಟು ಹತ್ತು ನಿಮಿಷ ಕಾಯಿರಿ. ಗುಳ್ಳೆ ಎದ್ದರೆ ಅಥವಾ ಒರೆಸಿದಾಗ ಹೊಳಪು ಹೋಗಿದ್ದರೆ ಕಡಪ. ಇದಕ್ಕೆ ಅಡುಗೆ ಸೋಡಾ ಬೆರೆಸಿ "ಡಬಲ್ ಪವರ್" ಅಂತ ಮಾರುವವರೂ ಇದ್ದಾರೆ. ಹುಳಿಗೆ ಸೋಡಾ ಬಿದ್ದರೆ ಬುಸ್ಸೆಂದು ಎರಡೂ ಸತ್ತು ಉಪ್ಪುನೀರು ಉಳಿಯುತ್ತೆ. ದುಡ್ಡು ದಂಡ.

ಸೀಗೆಪುಡಿ ಸರಳ. ಚಮಚ ಪುಡಿ ಅರ್ಧ ಲೋಟ ನೀರಿಗೆ ಹಾಕಿ ಕುಲುಕಿದರೆ ಎರಡು ಬೆರಳು ನೊರೆ ಬರಬೇಕು, ಬರದಿದ್ದರೆ ಹೊಟ್ಟು. ಕೈಯಲ್ಲಿ ತಿಕ್ಕಿದರೆ ತರಿ ಸಿಗಬಾರದು, ಸಿಕ್ಕರೆ ಅದು ಕೂದಲಲ್ಲೇ ಕೂರುತ್ತೆ. ಕೇಳಲೇಬೇಕಾದ ಪ್ರಶ್ನೆ ಒಂದೇ: ಯಾವ ಗಿರಣಿಯಲ್ಲಿ ಬೀಸಿಸಿದ್ದು, ಅದಕ್ಕೆ ಮುಂಚೆ ಖಾರ ಹಾಕಿದ್ದರಾ? ಬ್ಯಾಡಗಿ ಮೆಣಸಿನಕಾಯಿ ಬಿದ್ದ ಕಲ್ಲಿನಲ್ಲೇ ಸೀಗೆ ಬಿದ್ದಿದ್ದರೆ ತಲೆಗೆ ನೀರು ಹಾಕಿಕೊಂಡ ಗಳಿಗೆಯಲ್ಲೇ ತಿಳಿಯುತ್ತೆ. ಕಬ್ಬಿಣದ ಬಾಣಲೆಯಲ್ಲಿ ಕಲಸಿದರೆ ಕಪ್ಪಾಗೋದು ಸಹಜ, ಕೆಟ್ಟಿಲ್ಲ.

ಫಿನಾಯಿಲ್ ಮಾತ್ರ ಕೊಳ್ಳಬೇಡಿ. ಕಾನ್ಸಂಟ್ರೇಟ್ ತಂದು ನೀರು ಬೆರೆಸಿ ಮಾರೋದು ಇದು, ತಯಾರಿಕೆ ಅನ್ನೋದೇ ಇಲ್ಲ. ಒಂದಕ್ಕೆ ಇಪ್ಪತ್ತು ಅಂತ ಬರೆದದ್ದಕ್ಕೆ ನಲವತ್ತು ಬೆರೆಸಿದರೂ ಹಾಲಿನ ಹಾಗೇ ಬಿಳಿ ಕಾಣುತ್ತೆ. ಬಿಳಿ ಬಣ್ಣ ಎಣ್ಣೆ ಹನಿ ಚದುರಿದ್ದರಿಂದ ಬರೋದು, ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಬೋರಿನ ನೀರು ಬೆರೆಸಿದ್ದರೆ ಎರಡು ವಾರದಲ್ಲಿ ಮೇಲೆ ಕೆನೆ, ಕೆಳಗೆ ತಿಳಿನೀರು. ಕುಲುಕಿದರೆ ಸೇರುತ್ತೆ, ಇಟ್ಟರೆ ಮತ್ತೆ ಒಡೆಯುತ್ತೆ. ಟಾಯ್ಲೆಟ್ ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಹಾಕುವ ಅಭ್ಯಾಸ ಇದ್ದವರು ಇವತ್ತೇ ಬಿಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರುತ್ತೆ. ಎಲ್ಲಕ್ಕಿಂತ ದೊಡ್ಡ ತಕರಾರು ಬಾಟಲಿಯದ್ದು. ಕುಡಿಯೋ ನೀರಿನ, ತಂಪು ಪಾನೀಯದ ಹಳೇ ಬಾಟಲಿಯಲ್ಲಿ ತುಂಬಿ ಕೊಡ್ತಾರೆ, ಲೇಬಲ್ ಕೂಡ ಕಿತ್ತಿರಲ್ಲ. ಮಜ್ಜಿಗೆ ಬಣ್ಣದ ಅದನ್ನ ಅಡುಗೆಮನೆ ಸಿಂಕಿನ ಕೆಳಗೆ, ನಾಲ್ಕು ವರ್ಷದ ಮಗುವಿನ ಕೈಗೆಟಕುವ ಎತ್ತರದಲ್ಲಿ ಇಡ್ತಾರೆ. ಈಗಾಗಲೇ ಮನೆಯಲ್ಲಿದ್ದರೆ ಬಾಟಲಿ ಬದಲಿಸಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬಚ್ಚಲ ಮೇಲಿನ ಗೂಡಿಗೆ ಏರಿಸಿ.